ಗೂಗಲ್ ಲಾಗಿನ್ ಕೈಕೊಟ್ಟಾಗ: ಜಾವಾ ವೆಬ್ ಅಪ್ಲಿಕೇಶನ್‌ನಲ್ಲಿ ದೋಷ ಹುಡುಕುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ಹಣ ಕೊಟ್ಟು ಕುಳಿತು ಓದುವ ಲೈಬ್ರರಿಗಳು ಹಲವಾರಿವೆ. ಪಿಎಸ್‌ಐ, ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆಂದು ಸುತ್ತಲಿನ ಜಿಲ್ಲೆಗಳ ಹಳ್ಳಿಗಳಿಂದ ಬಂದು, ಒಂದೇ ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಜನ ಇರುವ ಹುಡುಗ ಹುಡುಗಿಯರಿಗೆ ಸದ್ದಿಲ್ಲದ ಒಂದು ಮೇಜು ಸಿಗುವುದೆಂದರೆ ದೊಡ್ಡ ಮಾತು. ಅಂಥ ಒಂದು ಲೈಬ್ರರಿಗೆ ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕುಳಿತು ಆಸನ ಕಾಯ್ದಿರಿಸುವ ವೆಬ್ ಅಪ್ಲಿಕೇಶನ್ ಬರೆದುಕೊಟ್ಟೆ. ಮರುದಿನದ ಆಸನಗಳು ರಾತ್ರಿ ಒಂಬತ್ತಕ್ಕೆ ತೆರೆದುಕೊಳ್ಳುತ್ತವೆ, ಹತ್ತು ನಿಮಿಷದಲ್ಲಿ ತುಂಬಿಹೋಗುತ್ತವೆ. ಒಂದು ವಾರ ಸರಿಯಾಗಿ ಆ ಹತ್ತು ನಿಮಿಷಗಳಲ್ಲೇ ಸುಮಾರು ಅರ್ಧದಷ್ಟು ಜನರಿಗೆ ಲಾಗಿನ್ ಆಗಲಿಲ್ಲ. ಗೂಗಲ್ ಗುಂಡಿ ಒತ್ತುತ್ತಾರೆ, ಖಾತೆ ಆರಿಸುತ್ತಾರೆ, ತಿರುಗಿ ಅದೇ ಲಾಗಿನ್ ಪುಟಕ್ಕೆ ಬಂದು ಬೀಳುತ್ತಾರೆ. "ಸರ್, ನನ್ನದು ಆಗುತ್ತಿಲ್ಲ, ಪಕ್ಕದಲ್ಲಿ ಕುಳಿತವನದು ಆಗುತ್ತಿದೆ" ಎಂದು ಒಬ್ಬ ವಿದ್ಯಾರ್ಥಿ ಫೋನಿನಲ್ಲಿ ಹೇಳಿದ. ಆ ಒಂದು ಮಾತಿನಲ್ಲೇ ದೋಷದ ಸುಳಿವು ಪೂರ್ತಿ ಇತ್ತು. ಅದನ್ನು ಸರಿಯಾಗಿ ಕೇಳಿಸಿಕೊಳ್ಳಲು ನನಗೆ ಐದು ದಿನ ಹಿಡಿಯಿತು. ಆ ಐದು ರಾತ್ರಿ ಆಸನ ಕಳೆದುಕೊಂಡವರ ನೆನಪಿನಿಂದಲೇ ಈ ಕೈಪಿಡಿಯನ್ನು ಬರೆಯುತ್ತಿದ್ದೇನೆ.

ಆ ಅಪ್ಲಿಕೇಶನ್ ಸ್ಪ್ರಿಂಗ್ ಬೂಟ್ 3 ಎಂಬ ಜಾವಾ ಚೌಕಟ್ಟಿನಲ್ಲಿ ಬರೆದದ್ದು, ಜಾವಾ 17ರ ಮೇಲೆ ಓಡುತ್ತದೆ. ಒಳಗೆ ಅಪ್ಲಿಕೇಶನ್ ಓಡಿಸುವ ಟಾಮ್‌ಕ್ಯಾಟ್ ಸರ್ವರ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಹೊರಗಿನ ಕೋರಿಕೆಗಳನ್ನು ಪಡೆದು ಒಳಗೆ ದಾಟಿಸುವ ಎಂಜಿನ್‌ಎಕ್ಸ್ ಪ್ರಾಕ್ಸಿ. ವಿದ್ಯಾರ್ಥಿಗಳ ಪಾಸ್‌ವರ್ಡ್ ಕಾಯುವ ಹೊಣೆ ನಮಗೆ ಬೇಡವೆಂದು ಗುರುತು ಪತ್ತೆಯ ಕೆಲಸವನ್ನು ಗೂಗಲ್‌ಗೆ ಬಿಟ್ಟೆವು. ಇದಕ್ಕೆ ಬಳಸುವ ಓಪನ್‌ಐಡಿ ಕನೆಕ್ಟ್ ಎಂಬುದು 2012ರ ಓಆಥ್ 2.0 ಕಟ್ಟಳೆಯ ಮೇಲೆ 2014ರಲ್ಲಿ ಕಟ್ಟಿದ ಪದರ. ನಿಮ್ಮಲ್ಲಿ ಗೂಗಲ್ ಬದಲು ಮೈಕ್ರೋಸಾಫ್ಟ್ ಅಥವಾ ಕೀಕ್ಲೋಕ್‌ನಂಥ ಬೇರೆ ಲಾಗಿನ್ ವ್ಯವಸ್ಥೆ ಇದ್ದರೂ ಇಲ್ಲಿನ ಬಹುಪಾಲು ಮಾತು ಹೊಂದುತ್ತದೆ. ದೋಷಗಳ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಪರದೆಯ ಮೇಲೆ ಅವು ಇಂಗ್ಲಿಷಿನಲ್ಲಿ ಕಾಣುತ್ತವೆ, ಉಚ್ಚಾರಣೆ ನೋಡಿ ಹೊಂದಿಸಿಕೊಳ್ಳಿ.

ಹಾದಿಯನ್ನು ಮೊದಲು ಅರಿಯಿರಿ

ಲಾಗಿನ್ ಮುರಿದಾಗ ಎಲ್ಲರೂ ಮೊದಲು ಮಾಡುವ ಕೆಲಸ ಸೆಟ್ಟಿಂಗ್ ಬದಲಿಸುವುದು. ನಾನೂ ಅದನ್ನೇ ಮಾಡಿದೆ, ಎರಡು ದಿನ ಕಳೆದುಕೊಂಡೆ. ಯಾವ ಹೆಜ್ಜೆಯಲ್ಲಿ ಮುರಿಯಿತು ಎಂದು ಗೊತ್ತಾಗುವ ತನಕ ಒಂದು ಸಾಲನ್ನೂ ಮುಟ್ಟಬೇಡಿ.

ಜಾತ್ರೆಯಲ್ಲಿ ಚಪ್ಪಲಿ ಕಾಯುವವನನ್ನು ನೆನೆಸಿಕೊಳ್ಳಿ. ನಿಮ್ಮ ಚಪ್ಪಲಿಯ ಮೇಲೆ ಒಂದು ಬಿಲ್ಲೆ ಇಟ್ಟು, ಅದೇ ಅಂಕೆಯ ಇನ್ನೊಂದು ಬಿಲ್ಲೆಯನ್ನು ನಿಮ್ಮ ಕೈಗೆ ಕೊಡುತ್ತಾನೆ. ದರ್ಶನ ಮುಗಿಸಿ ಬಂದಾಗ ಎರಡೂ ಹೊಂದಿದರೆ ಚಪ್ಪಲಿ ಕೈಗೆ ಸಿಗುತ್ತದೆ. ನಮ್ಮ ಲಾಗಿನ್ ಕೂಡ ಹೀಗೆಯೇ ನಡೆಯುತ್ತದೆ. ಬಳಕೆದಾರರು ಗುಂಡಿ ಒತ್ತಿದೊಡನೆ ಬ್ರೌಸರ್ ನಮ್ಮ ಸರ್ವರಿನ 'ಓಆಥ್2/ಆಥರೈಸೇಶನ್/ಗೂಗಲ್' ವಿಳಾಸಕ್ಕೆ ಬರುತ್ತದೆ. ಸರ್ವರ್ ಊಹಿಸಲಾಗದ ಒಂದು ಅಕ್ಷರಮಾಲೆಯನ್ನು ಹುಟ್ಟಿಸಿ, ಒಂದು ಪ್ರತಿಯನ್ನು ತನ್ನ ಸೆಷನ್ನಿನಲ್ಲಿ (ಆ ಬ್ರೌಸರಿಗೆಂದು ಸರ್ವರ್ ಇಟ್ಟುಕೊಳ್ಳುವ ತಾತ್ಕಾಲಿಕ ನೆನಪಿನಲ್ಲಿ) ಇಟ್ಟುಕೊಂಡು, ಇನ್ನೊಂದನ್ನು ಬ್ರೌಸರ್ ಜೊತೆ ಗೂಗಲ್‌ಗೆ ಕಳಿಸುತ್ತದೆ. ಇದರ ಹೆಸರು 'ಸ್ಟೇಟ್', ಇದೇ ನಮ್ಮ ಬಿಲ್ಲೆ. ಎರಡನೆಯ ಹೆಜ್ಜೆ ಪೂರ್ತಿ ಗೂಗಲ್‌ನ ಅಂಗಳದಲ್ಲಿ ನಡೆಯುತ್ತದೆ. ಮೂರನೆಯದರಲ್ಲಿ ಗೂಗಲ್ ಒಂದು ಬಾರಿ ಮಾತ್ರ ನಡೆಯುವ ಕೋಡ್ ಮತ್ತು ನಮ್ಮದೇ ಬಿಲ್ಲೆಯನ್ನು ಕೊಟ್ಟು ಬ್ರೌಸರನ್ನು ನಮ್ಮ 'ಲಾಗಿನ್/ಓಆಥ್2/ಕೋಡ್/ಗೂಗಲ್' ವಿಳಾಸಕ್ಕೆ ವಾಪಸ್ ಕಳಿಸುತ್ತದೆ. ನಾಲ್ಕನೆಯದರಲ್ಲಿ ಬ್ರೌಸರಿಗೆ ಪಾತ್ರವೇ ಇಲ್ಲ: ನಮ್ಮ ಸರ್ವರ್ ತಾನೇ ನೇರವಾಗಿ ಗೂಗಲ್ ಸರ್ವರನ್ನು ಸಂಪರ್ಕಿಸಿ, ಕೋಡ್ ಕೊಟ್ಟು ಗುರುತಿನ ಟೋಕನ್ ಪಡೆದು, ಅದರ ಸಹಿ, ಅವಧಿ, ಅದು ನಮಗೇ ಬರೆದದ್ದೇ ಎಂಬುದನ್ನೆಲ್ಲ ಪರೀಕ್ಷಿಸುತ್ತದೆ.

ಹೆಜ್ಜೆ ಪತ್ತೆ ಮಾಡಲು ಅತಿ ಅಗ್ಗದ ಸಾಧನ ಬ್ರೌಸರಿನ ಅಡ್ರೆಸ್ ಬಾರ್. ದೋಷ ಕಂಡ ಕ್ಷಣದಲ್ಲಿ ಅಲ್ಲಿ ಯಾವ ವಿಳಾಸವಿತ್ತು ಎಂದು ಮೊದಲು ಕೇಳಿ. ಗೂಗಲ್‌ನ ವಿಳಾಸದಲ್ಲೇ ನಿಂತಿದ್ದರೆ ದೋಷ ನಾವು ಕಳಿಸಿದ ಕೋರಿಕೆಯಲ್ಲಿದೆ ಅಥವಾ ಗೂಗಲ್ ಕನ್ಸೋಲಿನ, ಅಂದರೆ ಅಪ್ಲಿಕೇಶನ್‌ಗಳನ್ನು ಗೂಗಲ್‌ನಲ್ಲಿ ದಾಖಲಿಸುವ ತಾಣದ, ನೋಂದಣಿಯಲ್ಲಿದೆ. ನಮ್ಮ ವಿಳಾಸಕ್ಕೆ ಬಂದು ಕೊನೆಯಲ್ಲಿ 'ಎರರ್' ಎಂದಿದ್ದರೆ ಮೂರು ಅಥವಾ ನಾಲ್ಕನೆಯ ಹೆಜ್ಜೆ. ಲೈಬ್ರರಿಯ ಮೇಲ್ವಿಚಾರಕರಿಗೆ ನಾನು ಈಗ ಹೇಳಿಟ್ಟಿರುವುದು ಇಷ್ಟೇ: ಯಾರಿಗಾದರೂ ಆಗದಿದ್ದರೆ ಅಡ್ರೆಸ್ ಬಾರ್ ಕಾಣುವಂತೆ ಪರದೆಯ ಚಿತ್ರ ತೆಗೆದು, ಸಮಯ ಬರೆದು, ನನಗೊಬ್ಬನಿಗೇ ಕಳಿಸಿ. ಆ ವಿಳಾಸದಲ್ಲಿ ಕೋಡ್ ಇರಬಹುದು, ಆದ್ದರಿಂದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಎರಡನೆಯ ಸಾಧನ ಲಾಗ್, ಅಂದರೆ ಸರ್ವರ್ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಕಡತ. ಲಾಗಿನ್ ನೋಡಿಕೊಳ್ಳುವ ಸ್ಪ್ರಿಂಗ್ ಸೆಕ್ಯೂರಿಟಿ ಎಂಬ ಭಾಗವು ಲಾಗಿನ್ ಸೋತಾಗ ಬಳಕೆದಾರರನ್ನು 'ಲಾಗಿನ್?ಎರರ್' ಪುಟಕ್ಕೆ ಕಳಿಸಿ ಸುಮ್ಮನಾಗುತ್ತದೆ. ಸಾಮಾನ್ಯ ಮಟ್ಟದ ಲಾಗ್ ಕಡತದಲ್ಲಿ ಕಾರಣ ಕಾಣುವುದಿಲ್ಲ. ಲಾಗಿನ್ ಸೋತಾಗ ಓಡುವ ಸ್ವಂತದ್ದೊಂದು ಫೇಲ್ಯೂರ್ ಹ್ಯಾಂಡ್ಲರ್ ಬರೆದು, ಬಂದ ಎಕ್ಸೆಪ್ಶನ್ (ದೋಷದ ವಸ್ತು) ಓಆಥ್ 2ಕ್ಕೆ ಸೇರಿದ್ದಾದರೆ ಅದರೊಳಗಿನ ಎರರ್ ಕೋಡನ್ನು ಲಾಗಿಗೆ ಬರೆಯಿರಿ. ಹತ್ತು ಸಾಲಿನ ಕೆಲಸ. ಅದನ್ನು ಮೊದಲ ದಿನವೇ ಬರೆದಿದ್ದರೆ ನನ್ನ ಐದು ದಿನ ಒಂದೇ ದಿನವಾಗುತ್ತಿತ್ತು. ಹೆಚ್ಚಿನ ವಿವರ ಬೇಕಾದಾಗ ಸ್ಪ್ರಿಂಗ್ ಸೆಕ್ಯೂರಿಟಿಯ ಲಾಗ್ ಮಟ್ಟವನ್ನು 'ಟ್ರೇಸ್'ಗೆ ಏರಿಸಿ, ಕೆಲಸ ಮುಗಿದ ಮೇಲೆ ಇಳಿಸಿಬಿಡಿ.

ಗೂಗಲ್‌ನ ಪುಟದಲ್ಲೇ ನಿಂತರೆ

ಇಲ್ಲಿ ಹತ್ತರಲ್ಲಿ ಒಂಬತ್ತು ಸಲ ಕಾಣುವುದು 'ರಿಡೈರೆಕ್ಟ್_ಯುಆರ್‌ಐ_ಮಿಸ್‌ಮ್ಯಾಚ್', ಅಂದರೆ ನಾವು ಕಳಿಸಿದ ಮರಳುವ ವಿಳಾಸ ಮತ್ತು ಕನ್ಸೋಲಿನಲ್ಲಿ ನೋಂದಾಯಿಸಿದ ವಿಳಾಸ ಅಕ್ಷರಕ್ಕೆ ಅಕ್ಷರ ಒಂದೇ ಆಗಿಲ್ಲ. ಕೊನೆಯ ಒಂದು ಓರೆಗೆರೆ ಹೆಚ್ಚಾದರೂ, 'ಡಬ್ಲ್ಯುಡಬ್ಲ್ಯುಡಬ್ಲ್ಯು' ಬಿಟ್ಟುಹೋದರೂ ಗೂಗಲ್ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ದೋಷದ ಪುಟದಲ್ಲಿ ವಿವರ ತೋರಿಸುವ ಕೊಂಡಿಯೊಂದು ಇರುತ್ತದೆ. ಅದನ್ನು ತೆರೆದರೆ ನಮ್ಮ ಸರ್ವರ್ ನಿಜಕ್ಕೂ ಕಳಿಸಿದ ವಿಳಾಸ ಕಾಣುತ್ತದೆ. ಅದನ್ನು ಕಣ್ಣಿಂದ ಹೋಲಿಸಬೇಡಿ, ನಕಲು ಮಾಡಿ ಕನ್ಸೋಲಿನದರ ಕೆಳಗೆ ಅಂಟಿಸಿ ನೋಡಿ. ಕನ್ಸೋಲಿನಲ್ಲಿ ತಿದ್ದಿದ ಮೇಲೆ ಅದು ಜಾರಿಗೆ ಬರಲು ಕೆಲವು ನಿಮಿಷ, ಕೆಲವೊಮ್ಮೆ ಗಂಟೆಗಳೇ ಬೇಕಾಗಬಹುದು. ಆ ನಡುವೆ ತಾಳ್ಮೆಗೆಟ್ಟು ಇನ್ನೊಂದನ್ನು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಸರಿ, ಸರ್ವರಿನಲ್ಲಿ ಮಾತ್ರ ಹೀಗೆ ಎನ್ನುವುದಾದರೆ ಪ್ರಾಕ್ಸಿಯನ್ನು ನೋಡಿ. ಹೊರಗಿನವರು ಎಚ್‌ಟಿಟಿಪಿಎಸ್‌ನಲ್ಲಿ ಎಂಜಿನ್‌ಎಕ್ಸ್ ತನಕ ಬರುತ್ತಾರೆ. ಎಂಜಿನ್‌ಎಕ್ಸ್ ಟಾಮ್‌ಕ್ಯಾಟ್ ಜೊತೆ ಸಾದಾ ಎಚ್‌ಟಿಟಿಪಿಯಲ್ಲಿ ಮಾತನಾಡುತ್ತದೆ. ಟಾಮ್‌ಕ್ಯಾಟ್ ತನಗೆ ಕಂಡದ್ದನ್ನೇ ನಂಬಿ ಮರಳುವ ವಿಳಾಸವನ್ನು ಎಚ್‌ಟಿಟಿಪಿ ಎಂದೇ ಕಟ್ಟುತ್ತದೆ. ಪರಿಹಾರಕ್ಕೆ ಎರಡು ಕೈ ಬೇಕು. ಎಂಜಿನ್‌ಎಕ್ಸ್ ಕಡೆಯಿಂದ 'ಹೋಸ್ಟ್' ಮತ್ತು 'ಎಕ್ಸ್-ಫಾರ್ವರ್ಡೆಡ್-ಪ್ರೋಟೊ' ಹೆಡರ್‌ಗಳನ್ನು, ಅಂದರೆ ಕೋರಿಕೆಯ ಜೊತೆ ಹೋಗುವ ವಿವರದ ಸಾಲುಗಳನ್ನು, ಹೊರಗಿನಿಂದ ಬಂದ ಮೂಲ ಮೌಲ್ಯದಲ್ಲೇ ಕಳಿಸಬೇಕು. ಸ್ಪ್ರಿಂಗ್ ಬೂಟ್ ಕಡೆ 'ಸರ್ವರ್.ಫಾರ್ವರ್ಡ್-ಹೆಡರ್ಸ್-ಸ್ಟ್ರ್ಯಾಟಜಿ' ಎಂಬುದಕ್ಕೆ 'ಫ್ರೇಮ್‌ವರ್ಕ್' ಎಂದು ಕೊಟ್ಟು ಅವನ್ನು ಓದಲು ಹೇಳಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಈ ದೋಷ ಹೋಗುವುದಿಲ್ಲ. ಹೀಗೆ ಮಾಡಿದ ಮೇಲೆ ಟಾಮ್‌ಕ್ಯಾಟ್‌ನ ಪೋರ್ಟ್ ಹೊರಗಿನಿಂದ ನೇರವಾಗಿ ಸಿಗದಂತೆ ಮುಚ್ಚಿ. ಇಲ್ಲವಾದರೆ ಆ ಹೆಡರ್‌ಗಳನ್ನು ಯಾರು ಬೇಕಾದರೂ ಸುಳ್ಳಾಗಿ ಬರೆದು ಕಳಿಸಬಹುದು.

'ಹೋಸ್ಟ್' ಹೆಡರ್ ಬಿಟ್ಟುಹೋದರೆ ಆಗುವ ಒಂದು ವಿಚಿತ್ರವನ್ನು ಹೇಳಲೇಬೇಕು. ಎಂಜಿನ್‌ಎಕ್ಸ್ ಆಗ ತಾನು ಸಂಪರ್ಕಿಸುವ ಒಳಗಿನ ವಿಳಾಸವನ್ನೇ, ಅಂದರೆ 'ಲೋಕಲ್‌ಹೋಸ್ಟ್:8080' ಎಂಬುದನ್ನೇ, ಮುಂದೆ ಕಳಿಸುತ್ತದೆ. ಅಪ್ಲಿಕೇಶನ್ ಬರೆಯುವಾಗ ಪರೀಕ್ಷೆಗೆಂದು ಆ ವಿಳಾಸವನ್ನು ಕನ್ಸೋಲಿನಲ್ಲಿ ನೋಂದಾಯಿಸಿ ಮರೆತಿರುತ್ತೇವೆ. ಹಾಗಾಗಿ ಗೂಗಲ್‌ಗೆ ತಕರಾರೇ ಇರುವುದಿಲ್ಲ. ಲೋಕಲ್‌ಹೋಸ್ಟ್ ಎಂದರೆ ಬ್ರೌಸರ್ ಇರುವ ಯಂತ್ರವೇ ಆದ್ದರಿಂದ, ವಿದ್ಯಾರ್ಥಿಯನ್ನು ಆತನ ಸ್ವಂತ ಮೊಬೈಲಿನ 8080ಕ್ಕೆ ಕಳಿಸಿಬಿಡುತ್ತದೆ! 'ಈ ಸೈಟ್ ತಲುಪಲಾಗುತ್ತಿಲ್ಲ' ಎಂದು ಪರದೆ ಹೇಳಿದರೆ ಆತ ನೆಟ್‌ವರ್ಕ್ ಇಲ್ಲವೆಂದುಕೊಳ್ಳುತ್ತಾನೆ. ಅಡ್ರೆಸ್ ಬಾರ್ ನೋಡಿದವರಿಗೆ ಮಾತ್ರ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪರೀಕ್ಷೆಗೆ ಮತ್ತು ನಿಜ ಬಳಕೆಗೆ ಬೇರೆ ಬೇರೆ ಕ್ಲೈಂಟ್ ಐಡಿ (ಗೂಗಲ್ ಅಪ್ಲಿಕೇಶನ್‌ಗೆ ಕೊಡುವ ಗುರುತು) ಇಟ್ಟುಕೊಂಡರೆ ಈ ದೋಷ ಕೂಡಲೇ ಬಾಯಿಬಿಡುತ್ತದೆ.

ಉಳಿದವನ್ನು ಬೇಗ ಹೇಳುತ್ತೇನೆ. ನಿಮಗೆ ಆಗುತ್ತದೆ, ಬೇರೆ ಯಾರಿಗೂ ಆಗುವುದಿಲ್ಲ, '403, ಆ್ಯಕ್ಸೆಸ್_ಡಿನೈಡ್' ಎನ್ನುತ್ತದೆ ಎಂದಾದರೆ ಕನ್ಸೋಲಿನಲ್ಲಿ ಅಪ್ಲಿಕೇಶನ್ ಇನ್ನೂ 'ಟೆಸ್ಟಿಂಗ್' ಸ್ಥಿತಿಯಲ್ಲಿದೆ. ಆ ಸ್ಥಿತಿಯಲ್ಲಿ ನೀವು ಪಟ್ಟಿ ಮಾಡಿದ, ಹೆಚ್ಚೆಂದರೆ 100 ಜನರಿಗಷ್ಟೇ ಪ್ರವೇಶ. 'ಡಿಸ್‌ಅಲೌಡ್_ಯೂಸರ್‌ಏಜೆಂಟ್' ಎಂದರೆ ಯಾವುದೋ ಆ್ಯಪಿನ ಒಳಗೆ ಹುದುಗಿಸಿದ ವೆಬ್‌ವ್ಯೂನಲ್ಲಿ ಲಾಗಿನ್ ತೆರೆದಿದ್ದಾರೆ. ಗೂಗಲ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಪೂರ್ಣ ಬ್ರೌಸರಿನಲ್ಲಿ ತೆರೆಯಲು ಹೇಳಿ.

ವಾಪಸ್ ಬಂದ ಮೇಲೆ ಬಿಲ್ಲೆ ಹೊಂದದಿದ್ದರೆ

ನಮ್ಮನ್ನು ಐದು ದಿನ ಕಾಡಿದ್ದು ಇದು. ಲಾಗ್ ಕಡತದಲ್ಲಿ ಕಾಣುವ ಹೆಸರು 'ಆಥರೈಸೇಶನ್_ರಿಕ್ವೆಸ್ಟ್_ನಾಟ್_ಫೌಂಡ್'. ಬಳಕೆದಾರರು ಬಿಲ್ಲೆ ಹಿಡಿದು ಬಂದಿದ್ದಾರೆ, ಆದರೆ ಅದರ ಜೋಡಿ ನಮ್ಮ ಸೆಷನ್ನಿನಲ್ಲಿ ಇಲ್ಲ ಎಂದು ಅದರ ಅರ್ಥ. ಹೆಸರಿನಲ್ಲಿ ಗೂಗಲ್ ಇಲ್ಲ, ಗೂಗಲ್‌ಗೂ ಇದಕ್ಕೂ ಸಂಬಂಧವೂ ಇಲ್ಲ. ಸೆಷನ್ ಎಲ್ಲಿ ಕಳೆಯಿತು ಎಂಬುದೊಂದೇ ಪ್ರಶ್ನೆ.

ಹಗಲು ಹೊತ್ತು ನಾನು ಎಷ್ಟು ಸಲ ಪರೀಕ್ಷಿಸಿದರೂ ಲಾಗಿನ್ ಆಗುತ್ತಿತ್ತು. ರಾತ್ರಿ ಒಂಬತ್ತಕ್ಕೆ ಮಾತ್ರ ಮುರಿಯುತ್ತಿತ್ತು. ಆದ್ದರಿಂದ ದಟ್ಟಣೆಯೇ ಕಾರಣ ಎಂದುಕೊಂಡೆ. ಮೊದಲು ಡೇಟಾಬೇಸ್ ಸಂಪರ್ಕಗಳ ಸಂಖ್ಯೆ ಹೆಚ್ಚಿಸಿದೆ, ಆಮೇಲೆ ಟಾಮ್‌ಕ್ಯಾಟ್‌ನ ಥ್ರೆಡ್‌ಗಳನ್ನು. ಸೆಷನ್ ಅವಧಿ ಮೊದಲೇ 30 ನಿಮಿಷ ಇತ್ತು, ಅದನ್ನೂ ಏರಿಸಿದೆ. ಮೂರನೆಯ ದಿನ ಚಿಗರಿ ಬಸ್ ಹಿಡಿದು ಧಾರವಾಡಕ್ಕೇ ಹೋಗಿ, ಒಂಬತ್ತಕ್ಕೆ ವಿದ್ಯಾರ್ಥಿಗಳ ನಡುವೆ ಕುಳಿತು ನೋಡಿದೆ. ಒಂದೇ ವೈಫೈ, ಒಂದೇ ಬಗೆಯ ಎರಡು ಮೊಬೈಲ್. ಒಂದರಲ್ಲಿ ಆಯಿತು, ಒಂದರಲ್ಲಿ ಆಗಲಿಲ್ಲ. ಆಗದವಳು ಮತ್ತೆ ಒತ್ತಿದಳು, ಆಯಿತು. ದಟ್ಟಣೆಯಿಂದ ಸೋಲುವ ಸರ್ವರ್ ಹೀಗೆ ನಡೆದುಕೊಳ್ಳುವುದಿಲ್ಲ. ಅದು ನಿಧಾನವಾಗುತ್ತದೆ, ತಡವರಿಸುತ್ತದೆ. ಇಲ್ಲಿ ಉತ್ತರ ತಕ್ಷಣ ಬರುತ್ತಿತ್ತು, ಆದರೆ ಎರಡರಲ್ಲಿ ಒಂದು ಸಲ ತಪ್ಪಾಗಿ ಬರುತ್ತಿತ್ತು. ಎರಡರಲ್ಲಿ ಒಂದು ಎಂದಾಗ, ಯಾವುದೋ ಒಂದು ವಸ್ತು ಎರಡು ಇದೆ ಎಂದು ಹುಡುಕಬೇಕು.

ಅದು ಇತ್ತು. ರಾತ್ರಿಯ ಹೊರೆಗೆಂದು ಎಂಟೂವರೆಗೆ ಎರಡನೆಯ ಪೋರ್ಟ್‌ನಲ್ಲಿ ಅದೇ ಅಪ್ಲಿಕೇಶನ್ನಿನ ಇನ್ನೊಂದು ಪ್ರತಿ ತಾನಾಗಿ ಏಳುವಂತೆ, ಹತ್ತಕ್ಕೆ ಮುಚ್ಚುವಂತೆ ನಾನೇ ಮಾಡಿದ್ದೆ. ಎಂಜಿನ್‌ಎಕ್ಸ್ ಬೇರೇನೂ ಹೇಳದಿದ್ದರೆ ಕೋರಿಕೆಗಳನ್ನು ಸರದಿಯಂತೆ ಒಂದಾದ ಮೇಲೊಂದಕ್ಕೆ ಹಂಚುತ್ತದೆ. ಒಂದು ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ಇನ್ನೊಂದರ ಮುಂದೆ ಬಿಲ್ಲೆ ಚಾಚಿದಂತೆ ಆಗುತ್ತಿತ್ತು.

ಇದು ನನಗೆ ಏಕೆ ಹೊಳೆಯಲಿಲ್ಲ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದೇ ನಂಬಿಕೆಯಲ್ಲಿರುವವರು ಇನ್ನೂ ಅನೇಕರಿದ್ದಾರೆ. ಲಾಗಿನ್ ಆದ ಮೇಲೆ ನಮ್ಮ ಅಪ್ಲಿಕೇಶನ್ ಸಹಿ ಮಾಡಿದ ಸ್ವಂತ ಕುಕಿಯೊಂದನ್ನು, ಅಂದರೆ ಬ್ರೌಸರ್ ಇಟ್ಟುಕೊಂಡು ಪ್ರತಿ ಕೋರಿಕೆಯ ಜೊತೆ ಮರಳಿಸುವ ಚೀಟಿಯನ್ನು, ಕೊಡುತ್ತದೆ. ಎರಡೂ ಪ್ರತಿಗಳು ಅದನ್ನು ಗುರುತಿಸುತ್ತವೆ. ಭದ್ರತೆಯ ಸೆಟ್ಟಿಂಗಿನಲ್ಲಿ ಸೆಷನ್ ನೀತಿಯನ್ನು 'ಸ್ಟೇಟ್‌ಲೆಸ್' ಎಂದೇ ಬರೆದಿದ್ದೆ. ಆದ್ದರಿಂದ ಸೆಷನ್ ಎಂಬುದೇ ಇಲ್ಲ, ಎಷ್ಟು ಪ್ರತಿ ಓಡಿಸಿದರೂ ತೊಂದರೆಯಿಲ್ಲ ಎಂದು ನಂಬಿದ್ದೆ. ಆದರೆ ಆ ನೀತಿ ಲಾಗಿನ್ ಆದವರ ಗುರುತನ್ನು ಸೆಷನ್ನಿನಲ್ಲಿ ಇಡಬೇಡ ಎಂದಷ್ಟೇ ಹೇಳುತ್ತದೆ. ಸ್ಪ್ರಿಂಗ್ ಸೆಕ್ಯೂರಿಟಿಯಲ್ಲಿ ಬಿಲ್ಲೆ ಇಡುವ ಭಾಗ ಬೇರೆಯೇ ಇದೆ, ಮತ್ತು ಅದು ಬೇರೆ ಹೇಳದ ಹೊರತು ಸೆಷನ್ನನ್ನೇ ಬಳಸುತ್ತದೆ, ಇಲ್ಲದಿದ್ದರೆ ಹೊಸದಾಗಿ ಹುಟ್ಟಿಸಿಕೊಳ್ಳುತ್ತದೆ. ಗೂಗಲ್‌ಗೆ ಹೋಗಿ ಬರುವ ಆ ಕೆಲವು ಸೆಕೆಂಡುಗಳ ಮಟ್ಟಿಗೆ ನಮ್ಮ ಅಪ್ಲಿಕೇಶನ್‌ಗೆ ನೆನಪು ಬೇಕೇ ಬೇಕು. ಒಮ್ಮೆ ಒಳಗೆ ಬಂದವರು ಆಮೇಲೆ ಎಂದೂ ಹೊರಬೀಳುತ್ತಿರಲಿಲ್ಲ, ಅದಕ್ಕೇ ಈ ಸಂಶಯ ಮೂಡಲಿಲ್ಲ.

ಖಚಿತಪಡಿಸಿಕೊಂಡದ್ದು ಹೀಗೆ: ಎಂಜಿನ್‌ಎಕ್ಸ್‌ನ ಆ್ಯಕ್ಸೆಸ್ ಲಾಗಿಗೆ 'ಅಪ್‌ಸ್ಟ್ರೀಮ್_ಆ್ಯಡ್ರ್' ಎಂಬ ಬದಲಿಪದವನ್ನು ಸೇರಿಸಿದೆ. ಯಾವ ಕೋರಿಕೆ ಯಾವ ಪೋರ್ಟ್‌ಗೆ ಹೋಯಿತು ಎಂದು ಅದು ಬರೆಯುತ್ತದೆ. ಸೋತ ಪ್ರತಿಯೊಂದು ಲಾಗಿನ್‌ನಲ್ಲೂ ಹೊರಟದ್ದು ಒಂದು ಪೋರ್ಟ್‌ನಿಂದ, ಮರಳಿದ್ದು ಇನ್ನೊಂದಕ್ಕೆ. ಒಂದು ಅಪವಾದವೂ ಇರಲಿಲ್ಲ.

ಪರಿಹಾರ ಮೂರು ಬಗೆ. ಎಂಜಿನ್‌ಎಕ್ಸ್‌ನ 'ಐಪಿ_ಹ್ಯಾಶ್' ಒಂದು ಸಾಲಿನ ಕೆಲಸ, ಆ ರಾತ್ರಿ ಅದನ್ನೇ ಹಾಕಿದೆ. ಆದರೆ ಅದು ಐಪಿ ವಿಳಾಸದ ಮೊದಲ ಮೂರು ಭಾಗ ನೋಡಿ ದಿಕ್ಕು ನಿರ್ಧರಿಸುತ್ತದೆ, ಮತ್ತು ಲೈಬ್ರರಿಯ ವೈಫೈಯಲ್ಲಿ ಕುಳಿತ ಎಲ್ಲರೂ ಹೊರಗಿನಿಂದ ನೋಡಿದರೆ ಒಂದೇ ವಿಳಾಸ. ಎಲ್ಲರೂ ಒಂದೇ ಪ್ರತಿಯ ಮೇಲೆ ಬಿದ್ದರು, ಇನ್ನೊಂದು ಸುಮ್ಮನೆ ಕುಳಿತಿತ್ತು. ಖಾತೆ ಆರಿಸುತ್ತಿರುವಾಗಲೇ ವೈಫೈಯಿಂದ ಮೊಬೈಲ್ ಡೇಟಾಗೆ ಜಾರಿದವರಿಗೆ ಹಳೆಯ ದೋಷವೇ ಮರುಕಳಿಸಬಹುದು. ಎರಡನೆಯ ಬಗೆ, ಬಿಲ್ಲೆಯನ್ನು ಸೆಷನ್ನಿನ ಬದಲು ಅಲ್ಪಾವಧಿಯ ಕುಕಿಯಲ್ಲಿ ಇಡುವುದು. ಅದಕ್ಕೆ ಬಿಲ್ಲೆ ಇಡುವ ಭಾಗವಾದ 'ಆಥರೈಸೇಶನ್ ರಿಕ್ವೆಸ್ಟ್ ರೆಪಾಸಿಟರಿ'ಯನ್ನು ನೀವೇ ಬರೆಯಬೇಕು, ಕುಕಿಗೆ ಸಹಿ ಮಾಡಿ ಗುಪ್ತಗೊಳಿಸಬೇಕು. ಅರೆಬರೆ ಮಾಡಿದರೆ ದೋಷಕ್ಕಿಂತ ಪರಿಹಾರ ಅಪಾಯಕಾರಿ. ನಾವು ಮೂರನೆಯದನ್ನು ಆರಿಸಿದೆವು: ಸ್ಪ್ರಿಂಗ್ ಸೆಷನ್ ಎಂಬ ಭಾಗವನ್ನು ಸೇರಿಸಿ, ಸೆಷನ್‌ಗಳನ್ನು ಇದ್ದ ಪೋಸ್ಟ್‌ಗ್ರೆಸ್‌ನಲ್ಲೇ ಇಟ್ಟೆವು. ಎರಡೂ ಅಂಗಡಿಗಳಿಗೆ ಈಗ ಒಂದೇ ಗೂಡು. ರೆಡಿಸ್ ಎಂಬ ವೇಗದ ಡೇಟಾ ಸಂಗ್ರಹ ಇರುವವರು ಅದನ್ನು ಬಳಸಬಹುದು. ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ: ಕುಕಿಯ ಹೆಸರು 'ಜೆಸೆಷನ್‌ಐಡಿ' ಇದ್ದದ್ದು 'ಸೆಷನ್' ಎಂದು ಬದಲಾಗುತ್ತದೆ, ಹಳೆಯ ಹೆಸರನ್ನು ನೆಚ್ಚಿಕೊಂಡ ಕಡೆಗಳನ್ನು ಹುಡುಕಿ ತಿದ್ದಿ. ಮತ್ತು ಸ್ಪ್ರಿಂಗ್ ಸೆಕ್ಯೂರಿಟಿಯ ಆವೃತ್ತಿ ಏರಿಸುವಾಗ ಹಳೆಯ ಆವೃತ್ತಿಯಲ್ಲಿ ಬರೆದಿಟ್ಟ ಸೆಷನ್‌ಗಳನ್ನು ಹೊಸದು ಓದಲಾರದೆ ದೋಷ ಎಸೆಯಬಹುದು. ಏರಿಸುವ ಹೊತ್ತಿನಲ್ಲಿ ಆ ಕೋಷ್ಟಕವನ್ನು ಖಾಲಿ ಮಾಡಿ.

ನಿಮ್ಮಲ್ಲಿ ಒಂದೇ ಪ್ರತಿ ಓಡುತ್ತಿದ್ದೂ ಇದೇ ದೋಷ ಬರುತ್ತಿದ್ದರೆ, ಯಾವ ಸೆಷನ್ ಎಂದು ಸರ್ವರಿಗೆ ಹೇಳುವ ಕುಕಿಯ ಕಡೆ ತಿರುಗಿ. 'ಡಬ್ಲ್ಯುಡಬ್ಲ್ಯುಡಬ್ಲ್ಯು' ಸಹಿತ ವಿಳಾಸದಲ್ಲಿ ಹೊರಟು ಅದಿಲ್ಲದ ವಿಳಾಸಕ್ಕೆ ಮರಳಿದರೆ ಬ್ರೌಸರ್ ಅವೆರಡನ್ನೂ ಬೇರೆ ಮನೆಗಳೆಂದೇ ನೋಡುತ್ತದೆ, ಕುಕಿ ಕಳಿಸುವುದಿಲ್ಲ. 'ಲೋಕಲ್‌ಹೋಸ್ಟ್' ಮತ್ತು '127.0.0.1' ಕೂಡ ಹೀಗೆಯೇ. ಇದಕ್ಕೆ ತದ್ವಿರುದ್ಧವಾದ ಒಂದು ಬಲೆಯೂ ಇದೆ: ಕುಕಿಗಳು ಪೋರ್ಟ್ ಸಂಖ್ಯೆಯಿಂದ ಬೇರೆಯಾಗುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ 8080ರಲ್ಲಿ ಒಂದು, 8081ರಲ್ಲಿ ಇನ್ನೊಂದು ಜಾವಾ ಅಪ್ಲಿಕೇಶನ್ ಓಡುತ್ತಿದ್ದು ಎರಡೂ 'ಜೆಸೆಷನ್‌ಐಡಿ' ಬರೆದರೆ ಒಂದು ಇನ್ನೊಂದನ್ನು ಅಳಿಸುತ್ತದೆ. ಒಂದರ ಕುಕಿಗೆ ಬೇರೆ ಹೆಸರಿಡಿ.

ಭದ್ರತೆ ಹೆಚ್ಚಲೆಂದು ಯಾರಾದರೂ ಸೆಷನ್ ಕುಕಿಯ 'ಸೇಮ್‌ಸೈಟ್' ಗುಣವನ್ನು (ಬೇರೆ ಸೈಟಿನಿಂದ ಬಂದ ಕೋರಿಕೆಯ ಜೊತೆ ಕುಕಿ ಹೋಗಬೇಕೇ ಎಂದು ಹೇಳುವುದು) 'ಸ್ಟ್ರಿಕ್ಟ್' ಮಾಡಿದ್ದಾರೆಯೇ ನೋಡಿ. ಗೂಗಲ್‌ನ ಪುಟದಲ್ಲಿ ಖಾತೆ ಒತ್ತಿ ಮರಳುವುದು ಬ್ರೌಸರಿನ ಲೆಕ್ಕದಲ್ಲಿ ಹೊರಗಿನವರ ಮನೆಯಿಂದ ಬಂದ ಕೋರಿಕೆ, ಅದರ ಜೊತೆ ಸ್ಟ್ರಿಕ್ಟ್ ಕುಕಿ ಬರುವುದಿಲ್ಲ. 'ಲ್ಯಾಕ್ಸ್' ಸಾಕು, 2020ರಿಂದ ಕ್ರೋಮ್, ಏನೂ ಬರೆಯದ ಕುಕಿಗಳನ್ನೂ ಲ್ಯಾಕ್ಸ್ ಎಂದೇ ಪರಿಗಣಿಸುತ್ತದೆ. ಆದರೆ ಮರಳುವಾಗ ಫಾರ್ಮ್ ಪೋಸ್ಟ್ ಮಾಡುವ ಸೇವೆಗಳಿಗೆ ಲ್ಯಾಕ್ಸ್ ಕೂಡ ಸಾಲದು. ಹೆಸರು ಮತ್ತು ಇಮೇಲ್ ಕೇಳಿದಾಗ ಆ್ಯಪಲ್ ಲಾಗಿನ್ ಹೀಗೆಯೇ ಮಾಡುತ್ತದೆ. ಅಲ್ಲಿ 'ನನ್' ಮತ್ತು 'ಸೆಕ್ಯೂರ್' ಎರಡನ್ನೂ ಕೊಡಬೇಕು.

ಕೊನೆಯದಾಗಿ, ಮರಳಿದ ಪುಟವನ್ನು ರಿಫ್ರೆಶ್ ಮಾಡಿದರೂ ಇದೇ ದೋಷ ಕಾಣುತ್ತದೆ, ಏಕೆಂದರೆ ಬಿಲ್ಲೆ ಒಮ್ಮೆ ಬಳಸಿದ ಕೂಡಲೇ ಅಳಿಸಿಹೋಗುತ್ತದೆ. ಇದು ಸರಿಯಾದ ನಡವಳಿಕೆ. ಇದನ್ನು ತಪ್ಪಿಸಲು ಸ್ಟೇಟ್ ಪರೀಕ್ಷೆಯನ್ನೇ ತೆಗೆದುಹಾಕುವ ಸಲಹೆ ಎಲ್ಲಾದರೂ ಕಂಡರೆ ದಯವಿಟ್ಟು ಪಾಲಿಸಬೇಡಿ. ಬಿಲ್ಲೆ ನೋಡದೆ ಚಪ್ಪಲಿ ಕೊಟ್ಟರೆ, ಬೇರೊಬ್ಬರು ತಮ್ಮ ಖಾತೆಯ ಕೋಡನ್ನು ನಿಮ್ಮ ವಿದ್ಯಾರ್ಥಿಯ ಬ್ರೌಸರಿಗೆ ತುರುಕಿ, ಆತ ತಿಳಿಯದೆ ಅವರ ಖಾತೆಯಲ್ಲಿ ಕೆಲಸ ಮಾಡುವಂತೆ ಮಾಡಬಹುದು.

ಸರ್ವರ್ ಸರ್ವರ್ ನಡುವೆ ಮುರಿದರೆ

ನಾಲ್ಕನೆಯ ಹೆಜ್ಜೆಯ ದೋಷಗಳ ಕಾರಣ ಬ್ರೌಸರಿನಲ್ಲಿ ಕಾಣುವುದೇ ಇಲ್ಲ. ಲಾಗ್ ಒಂದೇ ಗತಿ. 'ಇನ್‌ವ್ಯಾಲಿಡ್_ಕ್ಲೈಂಟ್' ಎಂದರೆ ಕ್ಲೈಂಟ್ ಸೀಕ್ರೆಟ್ (ಕ್ಲೈಂಟ್ ಐಡಿಯ ಜೊತೆಗಿನ ಗುಪ್ತಪದ) ತಪ್ಪು, ಅಥವಾ ಅಂಟಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿದೆ. 'ಇನ್‌ವ್ಯಾಲಿಡ್_ಗ್ರ್ಯಾಂಟ್' ಎಂದರೆ ಕೋಡ್ ಹಳೆಯದಾಗಿದೆ ಅಥವಾ ಎರಡನೆಯ ಸಲ ಬಳಕೆಯಾಗಿದೆ. ಕಟ್ಟಳೆಯ ಪ್ರಕಾರ ಕೋಡ್ ಒಂದೇ ಬಾರಿಗೆ, ಹೆಚ್ಚೆಂದರೆ ಹತ್ತು ನಿಮಿಷಕ್ಕೆ.

ಕಾಲಹರಣ ಮಾಡಿಸುವುದು 'ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್'. ಹಾವೇರಿಯ ಒಂದು ಕಚೇರಿಯ ಸ್ವಂತ ಸರ್ವರಿನಲ್ಲಿ ಇದು ಎದುರಾಯಿತು. ಅದೇ ಯಂತ್ರದಿಂದ 'ಕರ್ಲ್' ಆಜ್ಞೆ ಕೊಟ್ಟರೆ ಗೂಗಲ್ ಉತ್ತರಿಸುತ್ತದೆ, ಜಾವಾ ಮಾತ್ರ ಪ್ರಮಾಣಪತ್ರವನ್ನು ನಂಬುವುದಿಲ್ಲ. ಕಚೇರಿಯ ಫೈರ್‌ವಾಲ್ ಹೊರಹೋಗುವ ಗುಪ್ತ ಸಂಪರ್ಕಗಳನ್ನು ತೆರೆದು ನೋಡಿ, ತನ್ನದೇ ಪ್ರಮಾಣಪತ್ರದಿಂದ ಮತ್ತೆ ಮುಚ್ಚುತ್ತಿತ್ತು. ಆ ಪ್ರಮಾಣಪತ್ರವನ್ನು ಯಂತ್ರದ ನಂಬಿಕೆಯ ಪಟ್ಟಿಗೆ ಸೇರಿಸಿದ್ದರು, ಆದರೆ ಜಾವಾ 'ಸಿಎಸರ್ಟ್ಸ್' ಎಂಬ ತನ್ನದೇ ಪಟ್ಟಿಯನ್ನು ಓದುತ್ತದೆ. 'ಕೀಟೂಲ್' ಬಳಸಿ ಅಲ್ಲಿಗೂ ಸೇರಿಸಿದಾಗ ಸರಿಹೋಯಿತು. ಎಲ್ಲ ಪ್ರಮಾಣಪತ್ರಗಳನ್ನೂ ಕಣ್ಣುಮುಚ್ಚಿ ನಂಬುವ ಕೋಡಿನ ತುಣುಕುಗಳು ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಅವನ್ನು ಬಳಸಿದರೆ ನಮ್ಮ ಸರ್ವರ್ ಗೂಗಲ್ ಎಂದು ಹೇಳಿಕೊಂಡು ಬಂದ ಯಾರನ್ನಾದರೂ ನಂಬುತ್ತದೆ. ಪರೀಕ್ಷೆಗೆಂದು ಕೂಡ ಅದನ್ನು ಒಳಗೆ ಬಿಡಬೇಡಿ, ಪರೀಕ್ಷೆಗೆಂದು ಬಂದದ್ದು ಅಲ್ಲೇ ಉಳಿದುಬಿಡುತ್ತದೆ.

ಅದೇ ಸರ್ವರಿನಲ್ಲಿ ಎರಡು ವಾರದ ಮೇಲೆ 'ಇನ್‌ವ್ಯಾಲಿಡ್_ಐಡಿ_ಟೋಕನ್' ಶುರುವಾಯಿತು. ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ಸಮಯ ಹೊಂದಿಸುವ ಎನ್‌ಟಿಪಿಯ 123ನೇ ಪೋರ್ಟನ್ನು ಅದೇ ಫೈರ್‌ವಾಲ್ ತಡೆದಿತ್ತು. ಗೂಗಲ್ ಈಗಷ್ಟೇ ಬರೆದ ಟೋಕನ್ ನಮ್ಮ ಸರ್ವರಿನ ಕಣ್ಣಿಗೆ ಭವಿಷ್ಯದಲ್ಲಿ ಹುಟ್ಟಿದಂತೆ ಕಾಣುತ್ತದೆ. ಸ್ಪ್ರಿಂಗ್ ಸೆಕ್ಯೂರಿಟಿ ಸಹಿಸುವ ವ್ಯತ್ಯಾಸ 60 ಸೆಕೆಂಡ್ ಮಾತ್ರ. ನಮ್ಮ ದೇಶದಲ್ಲಿ ಇನ್ನೊಂದು ಬಗೆಯೂ ನಡೆಯುತ್ತದೆ. ಸರ್ವರ್ ಯುಟಿಸಿ ವಲಯದಲ್ಲಿದ್ದು ಗಡಿಯಾರ ಐದೂವರೆ ಗಂಟೆ ಹಿಂದೆ ಕಂಡಿತೆಂದು, ವಲಯ ಬದಲಿಸುವ ಬದಲು ಮುಳ್ಳನ್ನೇ ಕೈಯಿಂದ ಮುಂದಕ್ಕೆ ಸರಿಸುತ್ತಾರೆ. ಗೋಡೆಯ ಗಡಿಯಾರದ ಜೊತೆ ಹೊಂದುತ್ತದೆ, ಆದರೆ ಒಂದು ಗಂಟೆ ಆಯುಸ್ಸಿನ ಗೂಗಲ್ ಟೋಕನ್ ಕೈಗೆ ಬರುವಷ್ಟರಲ್ಲೇ ಅವಧಿ ಮೀರಿದ್ದಾಗಿ ತೋರುತ್ತದೆ. 'ಟೈಮ್‌ಡೇಟ್‌ಸಿಟಿಎಲ್' ಆಜ್ಞೆ ಕೊಟ್ಟು ಯುಟಿಸಿ ಸಾಲನ್ನೇ ನೋಡಿ.

ಒಳಗೆ ಬಂದರು, ಆದರೆ ಬೇರೆಯವರಾಗಿ

ಎಲ್ಲ ಹೆಜ್ಜೆ ಸರಿಯಾಗಿದ್ದೂ ಒಂದು ದೋಷ ಉಳಿಯಬಹುದು, ಅದು ಯಾವ ಲಾಗ್ ಕಡತದಲ್ಲೂ ಕಾಣುವುದಿಲ್ಲ. ಬಳಕೆದಾರರನ್ನು ಇಮೇಲ್ ವಿಳಾಸದಿಂದ ಗುರುತಿಸುವುದು ಆ ದೋಷ. ಕಾಲೇಜುಗಳು ಕೊಡುವ ಇಮೇಲ್ ವಿಳಾಸಗಳು ಹಳಬರು ಹೋದ ಮೇಲೆ ಅದೇ ಹೆಸರಿನ ಹೊಸಬರಿಗೆ ಕೆಲವೊಮ್ಮೆ ಸಿಗುತ್ತವೆ. ಹೊಸಬಳೊಬ್ಬಳು ಒಳಗೆ ಬಂದರೆ ಹಳೆಯ ವಿದ್ಯಾರ್ಥಿನಿಯ ಹೆಸರು, ಆಸನ, ಬಾಕಿ ಶುಲ್ಕ ಎಲ್ಲ ಅವಳ ಮುಂದೆ ತೆರೆದುಕೊಂಡಿತು. ಟೋಕನ್ನಿನಲ್ಲಿ 'ಸಬ್' ಎಂಬ ಅಂಶವಿರುತ್ತದೆ. ಅದು ಆ ಖಾತೆಗೇ ಸೀಮಿತ, ಎಂದಿಗೂ ಬೇರೆಯವರಿಗೆ ಹೋಗುವುದಿಲ್ಲ. ಕೋಷ್ಟಕದ ಕೀಲಿ ಅದೇ ಆಗಿರಬೇಕು.

ನಾವು ತಡವಾಗಿ ಎಚ್ಚೆತ್ತಿದ್ದರಿಂದ ಹಳೆಯ ಸಾಲುಗಳಲ್ಲಿ ಸಬ್ ಇರಲಿಲ್ಲ. ಮುಂದಿನ ಲಾಗಿನ್‌ನಲ್ಲಿ 'ಇಮೇಲ್_ವೆರಿಫೈಡ್' ನಿಜವಿದ್ದರೆ ಮಾತ್ರ ಇಮೇಲ್ ನೋಡಿ ಒಮ್ಮೆ ಹೊಂದಿಸಿ, ಸಬ್ ಬರೆದುಕೊಂಡು, ಅಲ್ಲಿಂದ ಮುಂದೆ ಇಮೇಲ್ ಕಡೆ ನೋಡದಂತೆ ಮಾಡಿದೆವು. ಒಂದು ವರ್ಷದಿಂದ ಯಾರೂ ತೆರೆಯದ ಖಾತೆಗಳನ್ನು ಹೀಗೆ ತಾನಾಗಿ ಹೊಂದಿಸಲು ನನಗೆ ಧೈರ್ಯ ಬರಲಿಲ್ಲ. ಅಂಥವು ಹನ್ನೊಂದು ಇದ್ದವು. ಆ ಖಾತೆಗಳವರು ಬಂದಾಗ ಮೇಲ್ವಿಚಾರಕರು ಗುರುತಿನ ಚೀಟಿ ನೋಡಿ ನನಗೆ ಫೋನ್ ಮಾಡುತ್ತಾರೆ, ನಾನು ಕೈಯಾರೆ ಜೋಡಿಸುತ್ತೇನೆ. ಏಳು ಮುಗಿದಿವೆ, ನಾಲ್ಕು ಬಾಕಿ ಇವೆ.